ಕಾರ್ಯದರ್ಶಿಯ ಕುರ್ಚಿಯಿಂದ ಕಾಣುವ ಸಂಘ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸಹಕಾರ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಬೆಳ್ಳಿಹಬ್ಬ ಅಂದ ಕೂಡಲೇ ನಾವು ಮೂರು ಲೆಕ್ಕ ಹೇಳುತ್ತೇವೆ. ಷೇರು ಬಂಡವಾಳ ಎಷ್ಟಿತ್ತು, ಈಗ ಎಷ್ಟಾಯ್ತು. ಠೇವಣಿ ಎಷ್ಟು ಬೆಳೀತು. ಬಾಡಿಗೆ ಕೋಣೆಯಲ್ಲಿದ್ದ ಸಂಘಕ್ಕೆ ಸ್ವಂತ ಕಟ್ಟಡ ಹೇಗಾಯ್ತು. ಈ ಲೆಕ್ಕಗಳು ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿವೆ, ಅವುಗಳ ಬಗ್ಗೆ ಹೆಮ್ಮೆ ಪಡೋಣ. ಆದರೆ ಆಡಿಟ್ ವರದಿಯಲ್ಲಿ ಯಾವತ್ತೂ ಬಾರದ ಇನ್ನೊಂದು ಲೆಕ್ಕ ಇದೆ. ಬೆಳಿಗ್ಗೆ ಬಾಗಿಲು ತೆಗೆದು ಒಳಗೆ ಕೂರುವವರಿಗೆ ಈ ಸಂಘ ಹೇಗೆ ಕಾಣುತ್ತದೆ ಅನ್ನೋ ಲೆಕ್ಕ ಅದು. ಇವತ್ತು ನಾವು ಅದರ ಬಗ್ಗೆಯೇ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಇದಕ್ಕೆ ಕಾರಣವೂ ಇದೆ. ನಮ್ಮ ಕಾರ್ಯದರ್ಶಿಗಳು ಇನ್ನೆರಡು ವರ್ಷದಲ್ಲಿ ನಿವೃತ್ತರಾಗುತ್ತಾರೆ. ಆ ಕುರ್ಚಿಗೆ ಯಾರು ಬರುತ್ತಾರೆ? ನಮ್ಮೂರಿನಲ್ಲಿ ಬಿ.ಕಾಂ. ಮುಗಿಸಿದ ಹುಡುಗ ಹುಡುಗಿಯರಿಗೇನೂ ಕೊರತೆ ಇಲ್ಲ. ಅವರನ್ನು ಕೇಳಿ ನೋಡಿ. ಮೊದಲು ಸರ್ಕಾರಿ ಕೆಲಸ, ಸಿಗದಿದ್ದರೆ ಬೆಂಗಳೂರಿನ ಕಂಪನಿ, ಎರಡೂ ಆಗದಿದ್ದರೆ ‘ನೋಡೋಣ, ಸೊಸೈಟಿ’ ಅಂತಾರೆ. ನಾವು ಬೆವರು ಸುರಿಸಿ ಕಟ್ಟಿದ ಸಂಘ ಮಕ್ಕಳ ಕಣ್ಣಲ್ಲಿ ಮೂರನೆಯ ಸ್ಥಾನಕ್ಕೆ ಯಾಕೆ ಬಂತು? ಬರೀ ಸಂಬಳದ ಮಾತಾಗಿದ್ದರೆ ಉತ್ತರ ಸುಲಭ. ಸಂಬಳದ ಜೊತೆಗೆ ಇನ್ನೊಂದಿದೆ, ಅದನ್ನು ಕೆಲಸದ ವಾತಾವರಣ ಅಂತಾರೆ.

ವಾತಾವರಣ ಅಂದರೆ ಫ್ಯಾನು, ಮೇಜು, ಕಂಪ್ಯೂಟರು ಅಲ್ಲ. ರೈತರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಬೀಜ, ಒಂದೇ ಗೊಬ್ಬರ, ಆದರೂ ಒಂದು ಹೊಲದಲ್ಲಿ ತೆನೆ ತುಂಬುತ್ತೆ, ಪಕ್ಕದ ಹೊಲದಲ್ಲಿ ಜೊಳ್ಳಾಗುತ್ತೆ. ಮಣ್ಣು, ಗಾಳಿ, ಹದ ಬೇರೆ. ಕಚೇರಿಗೂ ಹಾಗೇ ಒಂದು ಹದ ಇರುತ್ತೆ. ಒಳ್ಳೆ ಕೆಲಸ ಮಾಡಿದರೆ ಯಾರಾದರೂ ನೋಡ್ತಾರಾ? ತಪ್ಪಾದರೆ ಯಾರು ಜೊತೆಗೆ ನಿಲ್ತಾರೆ? ಸತ್ಯ ಹೇಳಿದರೆ ಕೆಲಸ ಉಳಿಯುತ್ತಾ? ತೀರ್ಮಾನ ತಗೊಳ್ಳೋದಕ್ಕೆ ಎಷ್ಟು ಸ್ವಾತಂತ್ರ್ಯ ಇದೆ? ಈ ನಾಲ್ಕು ಪ್ರಶ್ನೆಗೆ ನೌಕರನ ಮನಸ್ಸಿನಲ್ಲಿ ಏನು ಉತ್ತರ ಇದೆಯೋ ಅದೇ ಆ ಸಂಸ್ಥೆಯ ವಾತಾವರಣ.

ಸರ್ಕಾರಿ ಕಚೇರಿಯ ಅಧಿಕಾರಿಗೂ ಖಾಸಗಿ ಕಂಪನಿಯ ಮ್ಯಾನೇಜರಿಗೂ ಈ ವಾತಾವರಣ ಒಂದೇ ತರಹ ಕಾಣೋದಿಲ್ಲ ಅಂತ ನಾವೆಲ್ಲ ನಂಬಿದ್ದೇವೆ. ಸರ್ಕಾರ ಅಂದರೆ ಕಡತ, ನಿಯಮ, ಕೆಂಪು ಪಟ್ಟಿ. ಖಾಸಗಿ ಅಂದರೆ ಚುರುಕು, ಸ್ವಾತಂತ್ರ್ಯ. ಇದು ಅರಳಿಕಟ್ಟೆಯ ತೀರ್ಪು. ಅಮೆರಿಕದಲ್ಲಿ ಬ್ರೂಸ್ ಬುಕನನ್ ಎಂಬ ವಿದ್ವಾಂಸರು ಎರಡೂ ಕಡೆಯ ಮ್ಯಾನೇಜರುಗಳನ್ನೇ ಕೇಳಿ 1975ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಿಯಮಗಳ ಬಿಗಿ ಯಾರಿಗೆ ಹೆಚ್ಚು ತಟ್ಟುತ್ತೆ ಅಂತ ನೋಡಿದಾಗ ಬಂದ ಉತ್ತರ ಎಲ್ಲರ ಎಣಿಕೆಗೂ ಉಲ್ಟಾ ಆಯ್ತು. ಖಾಸಗಿ ಮ್ಯಾನೇಜರುಗಳೇ ತಮ್ಮಲ್ಲಿ ಬಿಗಿ ಹೆಚ್ಚು ಅಂದರು. ಆಮೇಲೆ 1979ರಲ್ಲಿ ಹಾಲ್ ರೈನಿ ಎಂಬ ಇನ್ನೊಬ್ಬರು ಪ್ರಕಟಿಸಿದ ಅಧ್ಯಯನದಲ್ಲಿ ನಿಜವಾದ ವ್ಯತ್ಯಾಸ ಎಲ್ಲಿದೆ ಅಂತ ಗೊತ್ತಾಯ್ತು. ಚೆನ್ನಾಗಿ ಕೆಲಸ ಮಾಡಿದರೆ ಬಡ್ತಿ, ಸಂಬಳ ಬಂದೀತು ಅನ್ನೋ ನಂಬಿಕೆ ಸರ್ಕಾರಿ ಮ್ಯಾನೇಜರುಗಳಲ್ಲಿ ಬಹಳ ಕಡಿಮೆ ಇತ್ತು. ಅಂದರೆ ನಿಯಮ ಎರಡೂ ಕಡೆ ಇದೆ. ದುಡಿಮೆಗೂ ಫಲಕ್ಕೂ ಇರುವ ಹಗ್ಗ ಮಾತ್ರ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ.

ದೂರದ ಅಮೆರಿಕ ಬೇಡ, ನಮ್ಮ ಕರ್ನಾಟಕದಲ್ಲೇ ಇದಕ್ಕೊಂದು ಒಳ್ಳೆ ಉದಾಹರಣೆ ಇದೆ. ಕರಾವಳಿಯ ಒಂದೇ ಮಣ್ಣಿನಲ್ಲಿ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ. ಎಲ್ಲವೂ ಖಾಸಗಿಯವರೇ ಕಟ್ಟಿದ್ದು. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದಾಗ ಕೆನರಾ ಮತ್ತು ಸಿಂಡಿಕೇಟ್ ಸರ್ಕಾರದ್ದಾದವು. 1980ರಲ್ಲಿ ಇನ್ನೂ 6 ಬ್ಯಾಂಕುಗಳ ಸರದಿ ಬಂದಾಗ ಕಾರ್ಪೊರೇಶನ್ ಮತ್ತು ವಿಜಯಾ ಸೇರಿದವು. ಕರ್ಣಾಟಕ ಬ್ಯಾಂಕ್ ಒಂದೇ ಖಾಸಗಿಯಾಗಿ ಉಳಿಯಿತು, ಇಂದಿಗೂ ಹಾಗೇ ಇದೆ. ಉಳಿದ ನಾಲ್ಕರಲ್ಲಿ ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೂ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೂ ವಿಲೀನವಾದವು.

ಈಗ ಗಮನಿಸಬೇಕಾದ ಸಂಗತಿ ಏನೆಂದರೆ, ಬ್ಯಾಂಕು ನೌಕರರ ಸಂಬಳ ನಿಗದಿಯಾಗೋದು ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಟನೆಗಳಿಗೂ 1966ರಿಂದ ನಡೆದುಬಂದ ದ್ವಿಪಕ್ಷೀಯ ಒಪ್ಪಂದದಿಂದ. ರಾಷ್ಟ್ರೀಕೃತ ಬ್ಯಾಂಕಿಗೂ, ಕರ್ಣಾಟಕ ಬ್ಯಾಂಕಿನಂಥ ಹಳೆಯ ಖಾಸಗಿ ಬ್ಯಾಂಕಿಗೂ ಇದೇ ಒಪ್ಪಂದ. ಊರು ಅದೇ, ಭಾಷೆ ಅದೇ, ಸಂಬಳದ ಚೌಕಟ್ಟೂ ಅದೇ. ಹಾಗಾದರೆ ಮ್ಯಾನೇಜರ ಕುರ್ಚಿಯಿಂದ ಕಾಣೋ ನೋಟ ಎಲ್ಲಿ ಬೇರೆಯಾಯ್ತು? ಪ್ರಶ್ನೆ ಕೇಳುವವರು ಬೇರೆಯಾದರು, ಅಲ್ಲಿ!

ರಾಷ್ಟ್ರೀಕೃತ ಬ್ಯಾಂಕಿನ ಮ್ಯಾನೇಜರಿಗೆ ಪ್ರಶ್ನೆ ಕೇಳೋರು ಬಹಳ ಜನ. ಒಟ್ಟು ಸಾಲದಲ್ಲಿ 40 ಪರ್ಸೆಂಟ್ ಆದ್ಯತಾ ವಲಯಕ್ಕೆ, ಅದರೊಳಗೆ 18 ಪರ್ಸೆಂಟ್ ಕೃಷಿಗೆ ಅನ್ನೋ ಗುರಿ ಖಾಸಗಿ ಬ್ಯಾಂಕಿಗೂ ಇದೆ. ಆದರೆ ಸರ್ಕಾರಿ ಬ್ಯಾಂಕಿಗೆ ಅದರ ಜೊತೆಗೆ ಸಂಸತ್ತು, ಮಂತ್ರಾಲಯ, ಕೇಂದ್ರ ಜಾಗೃತ ಆಯೋಗ ಎಲ್ಲವೂ ಮೇಲಿರುತ್ತವೆ. ಕೊಟ್ಟ ಸಾಲ ಮುಳುಗಿದರೆ ಹತ್ತು ವರ್ಷದ ನಂತರವೂ ನೋಟಿಸು ಬರಬಹುದು. ಕೊಡದೇ ಇದ್ದ ಸಾಲಕ್ಕೆ ಮಾತ್ರ ಯಾರೂ ನೋಟಿಸು ಕೊಡಲ್ಲ. ಹಾಗಾಗಿ ‘ಮೇಲಿನವರಿಗೆ ಕಳಿಸಿದ್ದೀನಿ’ ಅನ್ನೋದು ಅವರಿಗೆ ಕ್ಷೇಮದ ದಾರಿ. ಇದು ಆ ವ್ಯಕ್ತಿಯ ಸೋಮಾರಿತನ ಅಲ್ಲ, ವಾತಾವರಣ ಕಲಿಸಿದ ಪಾಠ. ಸರ್ಕಾರಕ್ಕೂ ಇದು ಗೊತ್ತಾಗಿದೆ. 50 ಕೋಟಿ ರೂಪಾಯಿವರೆಗಿನ ಸಾಲ ಸುಸ್ತಿಯಾದಾಗ, ಪ್ರಾಮಾಣಿಕವಾಗಿ ತೀರ್ಮಾನ ತಗೊಂಡ ಅಧಿಕಾರಿಗೆ ರಕ್ಷಣೆ ಸಿಗಲಿ ಅಂತ 2021ರ ಅಕ್ಟೋಬರಿನಲ್ಲಿ ಹೊಸ ಮಾರ್ಗಸೂಚಿ ತಂದರು. ವಂಚನೆ ಪ್ರಕರಣಕ್ಕೆ ಅದು ಅನ್ವಯಿಸೋದಿಲ್ಲ.

ಇನ್ನು ಖಾಸಗಿ ಕಡೆ. ಅಲ್ಲಿ ತೀರ್ಮಾನ ಬೇಗ, ಮೆಚ್ಚುಗೆಯೂ ಬೇಗ. ಆದರೆ ಭಯ ಇಲ್ಲ ಅಂತ ತಿಳಿಯಬೇಡಿ. ಅಲ್ಲಿ ಹತ್ತು ವರ್ಷದ ಹಿಂದಿನ ಸಾಲಕ್ಕಿಂತ ಈ ತಿಂಗಳ ಟಾರ್ಗೆಟ್ಟಿನ ಭಯ ದೊಡ್ಡದು. ಠೇವಣಿ ತಾ, ವಿಮೆ ಮಾರು, ಕಾರ್ಡು ಕೊಡು. ಸರ್ಕಾರಿ ಅಧಿಕಾರಿಗೆ ‘ಮಾಡಿದರೆ ಏನಾಗುತ್ತೋ’ ಅನ್ನೋ ಭಯ, ಖಾಸಗಿಯವನಿಗೆ ‘ಮಾಡದಿದ್ದರೆ ಏನಾಗುತ್ತೋ’ ಅನ್ನೋ ಭಯ. ಒಂದು ಭಯ ಕೈ ಕಟ್ಟಿಹಾಕುತ್ತೆ, ಇನ್ನೊಂದು ಕುತ್ತಿಗೆ ಹಿಡಿದು ನೂಕುತ್ತೆ. ಅತ್ತ ದರಿ ಇತ್ತ ಪುಲಿ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಂತ ಸರ್ಕಾರದ್ದೆಲ್ಲ ಹೀಗೇ ಅಂತ ಷರಾ ಬರೆಯೋದೂ ನ್ಯಾಯ ಅಲ್ಲ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಇಸ್ರೋ ಸಂಸ್ಥೆಯನ್ನು ನೋಡಿ. 1979ರ ಆಗಸ್ಟ್ 10ರಂದು ಎಸ್.ಎಲ್.ವಿ.-3 ರಾಕೆಟ್ಟಿನ ಮೊದಲ ಹಾರಾಟ ವಿಫಲವಾಗಿ ಸಮುದ್ರಕ್ಕೆ ಬಿತ್ತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ, ಸಂಸ್ಥೆಯ ಅಧ್ಯಕ್ಷರು ಸತೀಶ್ ಧವನ್. ಪತ್ರಕರ್ತರ ಮುಂದೆ ಹೋಗಿ ಸೋಲಿನ ಹೊಣೆ ಹೊತ್ತವರು ಧವನ್. ಮುಂದಿನ ವರ್ಷ, 1980ರ ಜುಲೈ 18ರಂದು ಅದೇ ರಾಕೆಟ್ಟು ಯಶಸ್ವಿಯಾದಾಗ ಪತ್ರಕರ್ತರ ಮುಂದೆ ಮಾತಾಡೋದಕ್ಕೆ ಕಲಾಂ ಅವರನ್ನೇ ಮುಂದೆ ಕಳಿಸಿದರು. ಕಲಾಂ ಅವರು ಇದನ್ನು ಬದುಕಿನುದ್ದಕ್ಕೂ ಹೇಳಿಕೊಂಡು ಬಂದರು. ಅದು ನೂರಕ್ಕೆ ನೂರು ಸರ್ಕಾರಿ ಸಂಸ್ಥೆ. ಸೋಲು ಮೇಲಿನವರಿಗೆ, ಗೆಲುವು ಕೆಳಗಿನವರಿಗೆ ಅನ್ನೋ ಗಾಳಿ ಅಲ್ಲಿ ಬೀಸುತ್ತಿತ್ತು. ಹಾಗಾಗಿ ವಾತಾವರಣವನ್ನು ತೀರ್ಮಾನಿಸೋದು ಹೊರಗಿನ ಬೋರ್ಡು ಅಲ್ಲ, ಒಳಗಿನ ಹಿರಿಯರ ನಡವಳಿಕೆ.

ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಕೆತ್ತಿದ್ದಾರೆ. ಖಾಸಗಿ ಕಂಪನಿಯ ಕೆಲಸ ಧಣಿಯ ಕೆಲಸ. ಹಾಗಾದರೆ ಸಹಕಾರ ಸಂಘದ ಕೆಲಸ ಯಾರ ಕೆಲಸ? ನಮ್ಮದೇ ಕೆಲಸ. ಇಲ್ಲೇ ಇರೋದು ಕಷ್ಟ. ದೇವರು ಕೌಂಟರಿಗೆ ಬಂದು ಬೈಯೋದಿಲ್ಲ, ಧಣಿ ಒಬ್ಬನೇ ಇರ್ತಾನೆ. ನಮ್ಮ ಸಂಘದಲ್ಲಿ ಪ್ರತಿಯೊಬ್ಬ ಸದಸ್ಯನೂ ಧಣಿ!

ಸಹಕಾರ ನಮ್ಮ ನಾಡಿಗೆ ಹೊಸದಲ್ಲ. 1904ರಲ್ಲಿ ಕಾನೂನು ಬಂದ ಮರುವರ್ಷವೇ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಳ್ಳಿಯ ಜನರನ್ನು ಕೂಡಿಸಿ ಕೃಷಿ ಪತ್ತಿನ ಸಂಘ ಕಟ್ಟಿದರು. ಆದರೆ ಸಹಕಾರಿ ಸಂಸ್ಥೆಯ ಒಳಗಿನ ಹದ ಹೇಗಿರಬೇಕು ಅನ್ನೋದಕ್ಕೆ ನಾವು ಗುಜರಾತಿನ ಆಣಂದಕ್ಕೆ ಹೋಗಬೇಕು. ಯಾಕಂದರೆ ಅಲ್ಲಿ ಒಂದೇ ಊರಿನಲ್ಲಿ ಮೂರೂ ತರಹದ ಸಂಸ್ಥೆ ಇದ್ದವು. ಸರ್ಕಾರದ ಸಂಶೋಧನಾ ಕ್ರೀಮರಿ, ಪೋಲ್ಸನ್ ಎಂಬ ಖಾಸಗಿ ಡೇರಿ, ಮತ್ತು 1946ರಲ್ಲಿ ತ್ರಿಭುವನದಾಸ ಪಟೇಲರ ನೇತೃತ್ವದಲ್ಲಿ ರೈತರು ಕಟ್ಟಿಕೊಂಡ ಖೇಡಾ ಹಾಲು ಒಕ್ಕೂಟ. ಆ ಒಕ್ಕೂಟದ ಹಾಲೇ ಮುಂದೆ ಅಮುಲ್ ಆಯ್ತು.

ವರ್ಗೀಸ್ ಕುರಿಯನ್ ಅವರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅಮೆರಿಕದಲ್ಲಿ ಓದಿ ಬಂದವರು. ಅದರ ಋಣ ತೀರಿಸೋದಕ್ಕೆ 1949ರಲ್ಲಿ ಅವರನ್ನು ಆಣಂದದ ಸರ್ಕಾರಿ ಕ್ರೀಮರಿಗೆ ಹಾಕಿದರು. ಅಲ್ಲಿ ಮಾಡೋದಕ್ಕೆ ಕೆಲಸವೇ ಇಲ್ಲ. ಸಂಬಳ ಬರ್ತಿತ್ತು, ಹೊತ್ತು ಹೋಗ್ತಿರಲಿಲ್ಲ. ಬಿಟ್ಟುಬಿಡ್ತೀನಿ ಅಂತ ಸರ್ಕಾರಕ್ಕೆ ಮತ್ತೆ ಮತ್ತೆ ಬರೆದರು. ಬಿಡುಗಡೆ ಸಿಕ್ಕು ಹೊರಡೋ ಹೊತ್ತಿಗೆ ತ್ರಿಭುವನದಾಸರು ‘ನಮ್ಮ ಒಕ್ಕೂಟದ ಯಂತ್ರ ಸರಿಮಾಡಿಕೊಟ್ಟು ಹೋಗಿ’ ಅನ್ನೋ ಅರ್ಥದಲ್ಲಿ ಕೇಳಿಕೊಂಡರು. ಹಾಗೆ ಉಳಿದವರು ಬದುಕಿಡೀ ಆಣಂದದಲ್ಲೇ ಉಳಿದರು. ಅದೇ ಮನುಷ್ಯ, ಅದೇ ಊರು, ಅದೇ ಹಾಲು. ರಸ್ತೆಯ ಒಂದು ಬದಿಯಲ್ಲಿ ಬೇಸರದಿಂದ ಕೈಕಟ್ಟಿ ಕೂತಿದ್ದವರು ಇನ್ನೊಂದು ಬದಿಯಲ್ಲಿ ದೇಶಕ್ಕೆಲ್ಲ ಹಾಲಿನ ದಾರಿ ತೋರಿಸಿದರು.

ಇದರ ಗುಟ್ಟೇನು? ಅಧ್ಯಕ್ಷರಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದ ತ್ರಿಭುವನದಾಸರು ಹಳ್ಳಿ ಹಳ್ಳಿ ತಿರುಗಿ ರೈತರ ನಂಬಿಕೆ ಉಳಿಸಿಕೊಂಡರು, ರಾಜಕೀಯದ ಬಿರುಗಾಳಿಯನ್ನು ತಾವು ತಡೆದರು. ಒಳಗಿನ ಕೆಲಸವನ್ನು ಮ್ಯಾನೇಜರಿಗೆ ಬಿಟ್ಟರು. ಕುರಿಯನ್ನರು ತಾವು ರೈತರ ನೌಕರ ಅಂತ ಹೆಮ್ಮೆಯಿಂದ ಹೇಳಿಕೊಂಡರು, 1965ರಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಅಧ್ಯಕ್ಷರಾದ ಮೇಲೂ ಆಣಂದ ಬಿಟ್ಟು ದೆಹಲಿಗೆ ಹೋಗಲಿಲ್ಲ. ನಮ್ಮ ಡೇರಿ ಸಂಘಗಳು, ನಂದಿನಿ, ಎಲ್ಲವೂ ಅದೇ ಆಣಂದದ ಮಾದರಿಯಲ್ಲೇ ಬೆಳೆದವು. ಆದರೆ ಮಾದರಿ ಅಂದಾಗ ನಾವು ಕ್ಯಾನು, ಫ್ಯಾಟು, ಟ್ಯಾಂಕರು ತಂದುಕೊಂಡೆವು. ಅಧ್ಯಕ್ಷ ಮತ್ತು ಮ್ಯಾನೇಜರ ನಡುವಿನ ಆ ನಂಬಿಕೆ ತಂದುಕೊಂಡೆವಾ? ಇದನ್ನು ನಾವೆಲ್ಲ ಕೇಳಿಕೊಳ್ಳಬೇಕು.

ಈಗ ನಮ್ಮ ಕಾರ್ಯದರ್ಶಿಯ ಕುರ್ಚಿಯಲ್ಲಿ ಒಂದು ಗಳಿಗೆ ಕೂತು ನೋಡೋಣ. ಮೇಲೆ ಸಹಕಾರ ಇಲಾಖೆ. 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದಲ್ಲಿ 63ನೇ ಪ್ರಕರಣದಡಿ ಆಡಿಟ್, 64ರಲ್ಲಿ ವಿಚಾರಣೆ, 65ರಲ್ಲಿ ಪರಿವೀಕ್ಷಣೆ, 69ರಲ್ಲಿ ನಷ್ಟ ವಸೂಲಿಯ ಅಧಿಭಾರ. ಅಂದರೆ ಸರ್ಕಾರಿ ಅಧಿಕಾರಿಗಿರುವ ಭಯ ಪೂರ್ತಿ ಇವರಿಗೂ ಇದೆ. ಪಕ್ಕದಲ್ಲಿ ಜಿಲ್ಲಾ ಕೇಂದ್ರ ಬ್ಯಾಂಕು. ವಸೂಲಿ ಎಷ್ಟು, ಠೇವಣಿ ಎಷ್ಟು ಅಂತ ಕೇಳುತ್ತೆ. ಅಂದರೆ ಖಾಸಗಿ ಮ್ಯಾನೇಜರಿಗಿರುವ ಟಾರ್ಗೆಟ್ಟೂ ಇವರಿಗಿದೆ. ಎದುರಿಗೆ ನಾವು. ಸಾಲ ಯಾಕೆ ತಡ, ಗೊಬ್ಬರ ಯಾಕೆ ಬಂದಿಲ್ಲ ಅಂತ ಕೇಳೋರು. ಸರ್ಕಾರಿ ನೌಕರನ ಭದ್ರತೆ ಇವರಿಗಿಲ್ಲ, ಕಂಪನಿಯವರ ಸಂಬಳವೂ ಇಲ್ಲ, ಆದರೆ ಇಬ್ಬರ ಭಯವೂ ಇದೆ. ಓದಿದ ಮಕ್ಕಳು ಈ ಕುರ್ಚಿಗೆ ಯಾಕೆ ಹಿಂಜರಿಯುತ್ತಾರೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾ?

ಇನ್ನೊಂದು ಮಾತು. 2017ರಲ್ಲಿ ಸಹಕಾರ ಸಂಘದ ಬೆಳೆಸಾಲದಲ್ಲಿ 50,000 ರೂಪಾಯಿವರೆಗೆ ಮನ್ನಾ ಆಯ್ತು, 2018ರಲ್ಲಿ 1 ಲಕ್ಷದವರೆಗೆ ಘೋಷಣೆ ಆಯ್ತು. ತೀರ್ಮಾನ ಆಗಿದ್ದು ವಿಧಾನಸೌಧದಲ್ಲಿ. ‘ನಂಗ್ಯಾಕೆ ಬರಲಿಲ್ಲ, ಅವನಿಗೆ ಹೆಂಗ್ ಬಂತು’ ಅನ್ನೋ ಮಾತು ಕೇಳಬೇಕಾಗಿದ್ದು ಕೌಂಟರಿನಲ್ಲಿ ಕೂತವರು. ತಾನು ಮಾಡದ ತೀರ್ಮಾನಕ್ಕೆ ತಾನು ಉತ್ತರ ಕೊಡೋದು, ಕೆಲಸದಲ್ಲಿ ಇದಕ್ಕಿಂತ ದಣಿಸೋದು ಬೇರೆ ಇಲ್ಲ. ಈಗ 2022ರಲ್ಲಿ ಕೇಂದ್ರ ಸರ್ಕಾರ ಮಂಜೂರು ಮಾಡಿದ ಯೋಜನೆಯಂತೆ ದೇಶದ 63,000 ಪ್ರಾಥಮಿಕ ಸಂಘಗಳಿಗೆ ಗಣಕೀಕರಣ ಅಂತ ಶುರುವಾಯ್ತು. ಒಳ್ಳೇದೇ. ಆದರೆ ಯಂತ್ರ ಬಂದ ಮಾತ್ರಕ್ಕೆ ಗಾಳಿ ಬದಲಾಗೋದಿಲ್ಲ. ಯಂತ್ರ ಲೆಕ್ಕ ಸರಿ ಮಾಡೀತು, ಮನಸ್ಸು ಸರಿ ಮಾಡಬೇಕಾದವರು ನಾವೇ.

ಭಾರತದವರೇ ಆದ ಉದಯ್ ಪಾರೀಕ್ ಎಂಬ ವಿದ್ವಾಂಸರು ಒಳ್ಳೆಯ ಸಂಸ್ಥೆಗೆ ಎಂಟು ಗುಣ ಇರಬೇಕು ಅಂತ ಹೇಳಿದರು. ಮನಬಿಚ್ಚಿ ಮಾತಾಡೋದು, ಸಮಸ್ಯೆಗೆ ಬೆನ್ನು ತೋರಿಸದೆ ಎದುರಿಸೋದು, ನಂಬಿಕೆ, ನುಡಿದಂತೆ ನಡೆಯೋದು, ಮೊದಲೇ ಯೋಚಿಸಿ ಕೆಲಸಕ್ಕಿಳಿಯೋದು, ಸ್ವಾತಂತ್ರ್ಯ, ಸಹಕಾರ, ಹೊಸದನ್ನು ಮಾಡಿ ನೋಡೋದು. ಈ ಎಂಟರಲ್ಲಿ ಸಹಕಾರ ಅನ್ನೋದು ನಮ್ಮ ಬೋರ್ಡಿನ ಮೇಲೇ ಇದೆ. ಉಳಿದ ಏಳು ಬಾಗಿಲ ಒಳಗೆ ಬಂದಿವೆಯೋ ನೋಡಬೇಕು. ಅದಕ್ಕೆ ನಾವು ಐದು ಸಣ್ಣ ಕೆಲಸ ಸೂಚಿಸುತ್ತೇವೆ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಮೊದಲನೆಯದು, ನಿರ್ದೇಶಕರು ಸಭೆಯಲ್ಲಿ ಮಾತಾಡಲಿ, ಫೋನಿನಲ್ಲಿ ಬೇಡ. ಅಧಿಕಾರ ಇರೋದು ಆಡಳಿತ ಮಂಡಳಿಗೆ, ಒಬ್ಬೊಬ್ಬ ನಿರ್ದೇಶಕನಿಗೆ ಬೇರೆ ಬೇರೆಯಾಗಿ ಅಲ್ಲ. ‘ನಮ್ಮ ಹುಡುಗನಿಗೆ ಇವತ್ತೇ ಸಾಲ ಬರೀರಿ’ ಅನ್ನೋ ಬಾಯಿಮಾತು ಕಾರ್ಯದರ್ಶಿಯ ತಲೆಗೆ ನಾಳೆ 69ನೇ ಪ್ರಕರಣವಾಗಿ ಬಂದು ಕೂರುತ್ತೆ. ಹೇಳಿದವರ ಹೆಸರು ಎಲ್ಲೂ ಬರೆದಿರೋದಿಲ್ಲ. ಆದ್ದರಿಂದ ಠರಾವಿಲ್ಲದ ಆದೇಶ ಆದೇಶವಲ್ಲ ಅನ್ನೋ ಪದ್ಧತಿ ಬರಲಿ.

ಎರಡನೆಯದು, ನೇಮಕ, ಬಡ್ತಿ, ಸಂಬಳ ಏರಿಕೆಗೆ ಬರೆದಿಟ್ಟ ನಿಯಮ ಇರಲಿ, ಎಲ್ಲರಿಗೂ ಕಾಣೋ ಹಾಗೆ ಇರಲಿ. ಹೊಸ ಕಾರ್ಯದರ್ಶಿಯ ನೇಮಕದಲ್ಲೇ ಇದನ್ನು ಶುರು ಮಾಡೋಣ. ಯಾರ ಕಡೆಯವರು ಅಂತ ನೋಡದೆ ಅರ್ಹತೆ ನೋಡಿ ಆರಿಸೋಣ. ಕಡೆಯವರನ್ನು ಹಾಕಿದರೆ ಅವರು ಆ ಕಡೆಗೇ ಉತ್ತರ ಹೇಳುತ್ತಾರೆ, ಸಂಘಕ್ಕಲ್ಲ.

ಮೂರನೆಯದು, ತಪ್ಪಿಗೂ ಕಳ್ಳತನಕ್ಕೂ ಇರುವ ಭೇದ ಗುರುತಿಸೋಣ. ಮಳೆ ಕೈಕೊಟ್ಟು ಸಾಲ ಬಾಕಿಯಾದರೆ ಅದು ನಷ್ಟ. ಲೆಕ್ಕ ತಿದ್ದಿದರೆ ಅದು ಕಳ್ಳತನ. ಮೊದಲನೆಯದಕ್ಕೆ ಆಡಳಿತ ಮಂಡಳಿ ನೌಕರರ ಜೊತೆ ನಿಲ್ಲಬೇಕು. ಎರಡನೆಯದಕ್ಕೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂತ ತಿಳಿದು ಯಾವ ದಾಕ್ಷಿಣ್ಯವನ್ನೂ ತೋರಿಸಬಾರದು. ಎರಡಕ್ಕೂ ಒಂದೇ ಬೈಗುಳ ಸಿಕ್ಕಿದರೆ ಪ್ರಾಮಾಣಿಕನಿಗೆ ಪ್ರಾಮಾಣಿಕನಾಗಿರೋದಕ್ಕೆ ಕಾರಣವೇ ಉಳಿಯೋದಿಲ್ಲ.

ನಾಲ್ಕನೆಯದು, ವರ್ಷಕ್ಕೊಮ್ಮೆ ಸಿಬ್ಬಂದಿಯನ್ನು ಕೇಳೋಣ. ಕಾರ್ಯದರ್ಶಿಯಿಂದ ಹಿಡಿದು ಗೋದಾಮಿನ ಹಮಾಲರವರೆಗೆ, ಹೆಸರು ಬರೆಯದ ಚೀಟಿಯಲ್ಲಿ, ಆಗ ಹೇಳಿದ ನಾಲ್ಕೇ ಪ್ರಶ್ನೆ. ಒಳ್ಳೆ ಕೆಲಸ ಯಾರಾದರೂ ನೋಡ್ತಾರಾ, ತಪ್ಪಾದರೆ ಯಾರು ನಿಲ್ತಾರೆ, ಸತ್ಯ ಹೇಳಬಹುದಾ, ತೀರ್ಮಾನಕ್ಕೆ ಸ್ವಾತಂತ್ರ್ಯ ಇದೆಯಾ. ಮೇಲಿನ ಕುರ್ಚಿಗೆ ಗಾಳಿ ಯಾವಾಗಲೂ ಸ್ವಲ್ಪ ತಂಪಾಗಿಯೇ ತಟ್ಟುತ್ತೆ. ‘ನಮ್ಮಲ್ಲಿ ಎಲ್ಲಾ ಸರಿ ಇದೆ’ ಅಂತ ಮ್ಯಾನೇಜರ್ ಹೇಳೋದು ಒಂದು, ಗುಮಾಸ್ತ ಹೇಳೋದು ಇನ್ನೊಂದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಆಡಳಿತ ಮಂಡಳಿ ಓದಲಿ.

ಐದನೆಯದು ನಮ್ಮ ನಿಮ್ಮ ಕೆಲಸ, ಸದಸ್ಯರದ್ದು. ನಾವು ಧಣಿಗಳು ಹೌದು. ಆದರೆ ನಮ್ಮ ಧಣಿತನ ಸರ್ವಸದಸ್ಯರ ಸಭೆಯಲ್ಲಿ ತೋರಿಸಬೇಕಾದದ್ದು, ಕೌಂಟರಿನಲ್ಲಿ ಅಲ್ಲ. ಸಭೆಗೆ ಬಂದು ಟೀ ಕುಡಿದು ರಿಜಿಸ್ಟರಿಗೆ ಸಹಿ ಹಾಕಿ ಹೊರಡೋದು, ಮಾರನೇ ದಿನ ಕೌಂಟರಿನಲ್ಲಿ ಗುಮಾಸ್ತೆಯ ಮೇಲೆ ರೇಗೋದು, ಇದು ಧಣಿತನ ಅಲ್ಲ. ಸಭೆಯಲ್ಲಿ ಲೆಕ್ಕ ಕೇಳೋಣ, ಗಟ್ಟಿಯಾಗಿ ಕೇಳೋಣ. ಕೌಂಟರಿನಲ್ಲಿ ‘ಹೇಗಿದ್ದೀಯಮ್ಮ’ ಅಂತ ಕೇಳೋಣ. ಕೊಟ್ಟ ಸಾಲ ಸಕಾಲಕ್ಕೆ ಕಟ್ಟೋಣ. ವಸೂಲಿಗೆ ಮನೆ ಮನೆ ತಿರುಗೋ ಕೆಲಸ ಅರ್ಧ ಕಡಿಮೆಯಾದರೆ ಸಂಘದ ವಾತಾವರಣ ಅಷ್ಟಕ್ಕೇ ತಿಳಿಯಾಗುತ್ತೆ.

ಬಂಧುಗಳೆ, ಸರ್ಕಾರಿ ಸಂಸ್ಥೆಯಿಂದ ನಾವು ನಿಯಮದ ಶಿಸ್ತು ಮತ್ತು ನೌಕರನ ಭದ್ರತೆ ತಗೊಳ್ಳೋಣ. ಖಾಸಗಿಯಿಂದ ಚುರುಕು, ದುಡಿದವನಿಗೆ ಫಲ ಕೊಡೋ ಬುದ್ಧಿ ತಗೊಳ್ಳೋಣ. ಅವರಿಬ್ಬರ ಭಯವನ್ನು ಮಾತ್ರ ಅವರಲ್ಲೇ ಬಿಡೋಣ. ಹನಿಗೂಡಿ ಹಳ್ಳ ಆದ ಹಾಗೆ 25 ವರ್ಷದಲ್ಲಿ ಸಂಘದ ಹಣ ಕೂಡಿದೆ. ಸುವರ್ಣ ಮಹೋತ್ಸವದ ಹೊತ್ತಿಗೆ ಈ ಊರಿನ ಮಕ್ಕಳು ಕೆಲಸದ ಪಟ್ಟಿ ಬರೆಯುವಾಗ ನಮ್ಮ ಸಂಘದ ಹೆಸರನ್ನು ಮೇಲಿನ ಸಾಲಿನಲ್ಲಿ ಬರೆಯುವಂತಾಗಲಿ ಅಂತ ಹಾರೈಸುತ್ತೇವೆ. 

ಜೈ ಸಹಕಾರ! ಜೈ ಕರ್ನಾಟಕ!